ಆಫೀಸಿನ ಫೋನಿಗೆ ಹೊರಲೈನು ಎಷ್ಟು ಬೇಕು, ಹೇಗೆ ಜೋಡಿಸಬೇಕು

ನಾಲ್ಕು ಎಕ್ಸ್‌ಟೆನ್ಷನ್‌ಗೆ ಒಂದು ಲೈನು, ಇಲ್ಲವೇ ಆರಕ್ಕೊಂದು, ಎಂಟಕ್ಕೊಂದು. ಇಪಿಎಬಿಎಕ್ಸ್ (ಹೊರಲೈನುಗಳನ್ನು ಆಫೀಸಿನೊಳಗಿನ ಫೋನುಗಳಿಗೆ ಸೇರಿಸುವ ಪೆಟ್ಟಿಗೆ) ಹಾಕಲು ಬಂದವರನ್ನು ಕೇಳಿದರೆ ಇಂಥದ್ದೊಂದು ಅನುಪಾತ ನಾಲಗೆಯ ತುದಿಯಲ್ಲೇ ಇರುತ್ತದೆ. ಬೇರೆ ಮಾಹಿತಿ ಏನೂ ಇಲ್ಲದಾಗ ಅದು ಪರವಾಗಿಲ್ಲ. ಆದರೆ ಲೈನನ್ನು ತುಂಬುವುದು ಮಾತಿನ ನಿಮಿಷಗಳೇ ಹೊರತು ಮೇಜುಗಳ ಸಂಖ್ಯೆಯಲ್ಲ. ನಲವತ್ತು ಜನ ನಕ್ಷೆ ಬರೆಯುತ್ತ ಕೂತ ಕಚೇರಿಗೆ ನಾಲ್ಕು ಲೈನೂ ಹೆಚ್ಚಾದೀತು. ಹತ್ತೇ ಜನ ಬುಕಿಂಗ್ ತೆಗೆದುಕೊಳ್ಳುವ ಜಾಗಕ್ಕೆ ಹನ್ನೆರಡೂ ಸಾಲದೆ ಹೋದೀತು. ಹಾಗಾಗಿ ಮೊದಲು ನಿಮಿಷ ಎಣಿಸಬೇಕು, ಆಮೇಲೆ ಲೈನು. ಸಂಖ್ಯೆ ಸರಿಯಾಗಿದ್ದರೂ ಲೈನುಗಳನ್ನು ಜೋಡಿಸಿದ ಕ್ರಮ ತಪ್ಪಿದ್ದರೆ ಹೊರಗಿನವರಿಗೆ ಫೋನು ಸಿಗುವುದಿಲ್ಲ. ‘ಲೈನು ಸಾಲುತ್ತಿಲ್ಲ’ ಎಂದು ಬರುವ ದೂರುಗಳಲ್ಲಿ ಈ ಎರಡನೆಯ ಬಗೆಯವೂ ಬೇಕಾದಷ್ಟಿರುತ್ತವೆ.

ನಿಮಿಷದ ಲೆಕ್ಕ

ದಿನದ ಸರಾಸರಿಯಿಂದ ಪ್ರಯೋಜನವಿಲ್ಲ. ದಿನದಲ್ಲಿ ಅತಿ ಹೆಚ್ಚು ಮಾತು ನಡೆಯುವ ಒಂದು ಗಂಟೆಯನ್ನು ಹಿಡಿಯಬೇಕು. ಸಾಮಾನ್ಯವಾಗಿ ಅದು ಬೆಳಗಿನ ಹೊತ್ತಿನ ಕೊನೆಯ ಭಾಗದಲ್ಲಿ ಬರುತ್ತದೆ, ಮಧ್ಯಾಹ್ನ ಇನ್ನೊಂದು ಸಣ್ಣ ಏರು ಇರುತ್ತದೆ. ಈಗಾಗಲೇ ಇಪಿಎಬಿಎಕ್ಸ್ ಇದ್ದರೆ ಅದರ ಕರೆ ದಾಖಲೆಯಿಂದ ಎರಡು ವಾರದ ಕರೆಗಳನ್ನು ಇಳಿಸಿಕೊಂಡು, ಗಂಟೆವಾರು ಬಿಡಿಸಿ, ಪ್ರತಿದಿನದ ದೊಡ್ಡ ಗಂಟೆಯನ್ನು ಗುರುತಿಸಿ. ತಿಂಗಳ ಕೊನೆಯಲ್ಲಿ ಬಿಲ್ಲಿನ ಗಲಾಟೆ ಇರುವ ಕಚೇರಿಯಾದರೆ ಆ ದಿನಗಳು ಎಣಿಕೆಯೊಳಗೆ ಬರಲೇಬೇಕು. ದಿನದ ಒಟ್ಟು ನಿಮಿಷ ಮಾತ್ರ ಗೊತ್ತಿದ್ದರೆ ಅದರ ಆರನೇ ಒಂದು ಭಾಗದಿಂದ ಐದನೇ ಒಂದು ಭಾಗದವರೆಗೆ ಆ ಒಂದು ಗಂಟೆಯಲ್ಲಿ ಬೀಳುತ್ತದೆ ಎಂದು ಹಿಡಿಯಬಹುದು.

ನಿಮಿಷ ಎಣಿಸುವಾಗ ಬಿಲ್ಲನ್ನು ನಂಬಬೇಡಿ. ಬಿಲ್ಲಿನಲ್ಲಿ ಇರುವುದು ಹೊರಹೋದ ಕರೆಯ ಮಾತು ಮಾತ್ರ, ಅದೂ ಆ ಕಡೆಯವರು ಎತ್ತಿದ ಮೇಲಿನದು. ರಿಂಗ್ ಆಗುವಾಗಲೂ ಲೈನು ಹಿಡಿದೇ ಇರುತ್ತದೆ. ಎತ್ತದೆ ಹೋದ ಕರೆ, ಎಂಗೇಜ್ ಬಂದ ಕರೆ, ‘ಒಂದು ಒತ್ತಿ, ಎರಡು ಒತ್ತಿ’ ಎನ್ನುವ ಧ್ವನಿ ಮೆನು, ಹೋಲ್ಡ್‌ನ ಸಂಗೀತ, ಎಲ್ಲವೂ ಲೈನನ್ನು ತಿನ್ನುತ್ತವೆ. ಒಂದು ಕರೆಗೆ ಸರಾಸರಿ 20 ಸೆಕೆಂಡು ರಿಂಗ್ ಎಂದರೂ ಗಂಟೆಗೆ 60 ಕರೆಗೆ 20 ನಿಮಿಷ ಆಯಿತು.

ಒಂದು ಲೈನು ಇಡೀ ಒಂದು ಗಂಟೆ ತುಂಬಿದ್ದರೆ ಅದು ಒಂದು ಎರ್ಲಾಂಗ್. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಡೆನ್ಮಾರ್ಕಿನ ಗಣಿತಜ್ಞ ಆಗ್ನರ್ ಕ್ರಾರುಪ್ ಎರ್ಲಾಂಗ್ 1917ರಲ್ಲಿ ಪ್ರಕಟಿಸಿದ ಸೂತ್ರವೇ ಇವತ್ತಿಗೂ ಲೈನು ಎಣಿಸಲು ಬಳಕೆಯಲ್ಲಿದೆ. ಅಮೆರಿಕದ ಹಳೆಯ ಕೈಪಿಡಿಗಳಲ್ಲಿ ನೂರು ಸೆಕೆಂಡಿನ ಅಳತೆ ಕಾಣಿಸಿದರೆ ಗಾಬರಿ ಬೇಡ. ಅಂಥ 36 ಸೇರಿದರೆ ಒಂದು ಎರ್ಲಾಂಗ್.

ದಟ್ಟಣೆಯ ಗಂಟೆಯಲ್ಲಿ 60 ಕರೆ, ರಿಂಗ್ ಎಲ್ಲ ಸೇರಿ ಕರೆಗೆ 3 ನಿಮಿಷ ಎಂದಿಟ್ಟುಕೊಳ್ಳೋಣ. 180 ನಿಮಿಷ, ಅಂದರೆ 3 ಎರ್ಲಾಂಗ್. ಮೂರು ಲೈನು ಸಾಕೆ? ಕರೆಗಳು ಒಂದರ ಹಿಂದೊಂದು ಶಿಸ್ತಾಗಿ ಬರುವುದಿಲ್ಲ, ಗುಂಪುಗುಂಪಾಗಿ ಬೀಳುತ್ತವೆ. ಮೂರೇ ಲೈನಿದ್ದರೆ ನೂರಕ್ಕೆ 35 ಕರೆಗೆ ಎಂಗೇಜ್. ಐದಿದ್ದರೆ 11, ಆರಿದ್ದರೆ 5, ಏಳಿದ್ದರೆ 2.2. ಎಂಟಕ್ಕೆ ಬಂದಾಗ ನೂರಕ್ಕೆ ಒಂದಕ್ಕಿಂತ ಕೆಳಗಿಳಿಯುತ್ತದೆ, 0.8. ಕಚೇರಿಗಳಿಗೆ ನೂರಕ್ಕೆ ಒಂದು ಒಳ್ಳೆಯ ಗುರಿ. ಹೊರಹೋಗುವ ಕರೆಗಳೇ ಹೆಚ್ಚಿದ್ದರೆ ನೂರಕ್ಕೆ ಎರಡಾದರೂ ನಡೆಯುತ್ತದೆ, ನಮ್ಮವರು ಅರೆ ನಿಮಿಷ ಬಿಟ್ಟು ಮತ್ತೆ ಒತ್ತಿಯಾರು.

ಈ ಲೆಕ್ಕವನ್ನು ಸ್ಪ್ರೆಡ್‌ಶೀಟಿನಲ್ಲಿ ನೀವೇ ಮಾಡಿಕೊಳ್ಳಬಹುದು. ಎಂಗೇಜ್ ಸಿಗುವ ಕರೆಗಳ ಪಾಲನ್ನು ತಡೆ ಎನ್ನೋಣ. ಸೊನ್ನೆ ಲೈನಿಗೆ ತಡೆ 1 ಎಂದು ಆರಂಭಿಸಿ. ಮುಂದಿನ ಪ್ರತಿ ಲೈನಿಗೆ, ಹಿಂದಿನ ಸಾಲಿನ ತಡೆಯನ್ನು ಎರ್ಲಾಂಗಿನಿಂದ ಗುಣಿಸಿ. ಬಂದ ಗುಣಲಬ್ಧವನ್ನು, ಆ ಗುಣಲಬ್ಧಕ್ಕೆ ಲೈನಿನ ಕ್ರಮಸಂಖ್ಯೆ ಕೂಡಿಸಿದ ಮೊತ್ತದಿಂದ ಭಾಗಿಸಿ. 3 ಎರ್ಲಾಂಗಿಗೆ ಮೊದಲ ಸಾಲು 3 ಭಾಗಿಸು 4, ಅಂದರೆ 0.75. ಎರಡನೆಯದು 2.25 ಭಾಗಿಸು 4.25, ಅಂದರೆ 0.53. ಹೀಗೇ ಕೆಳಗೆ ಎಳೆದರಾಯಿತು, ತಡೆ 0.01ಕ್ಕಿಂತ ಕಡಿಮೆಯಾದ ಸಾಲೇ ನಿಮಗೆ ಬೇಕಾದ ಲೈನಿನ ಸಂಖ್ಯೆ.

ನೂರಕ್ಕೆ ಒಂದು ತಡೆಯಲ್ಲಿ 4 ಲೈನು 0.87 ಎರ್ಲಾಂಗ್ ಹೊರುತ್ತದೆ, 6 ಲೈನು 1.91, 8 ಲೈನು 3.13, 10 ಲೈನು 4.46, 15 ಲೈನು 8.11, 30 ಲೈನು 20.3. ಈ ಅಂಕಿಗಳನ್ನು ಸ್ವಲ್ಪ ಹೊತ್ತು ನೋಡಿ. ನಾಲ್ಕರ ಗುಂಪಿನಲ್ಲಿ ಒಂದೊಂದು ಲೈನು ಗಂಟೆಗೆ ಸುಮಾರು 13 ನಿಮಿಷ ದುಡಿಯುತ್ತದೆ, ಮೂವತ್ತರ ಗುಂಪಿನಲ್ಲಿ 40 ನಿಮಿಷ. ಗುಂಪು ದೊಡ್ಡದಾದಷ್ಟೂ ಲೈನು ಪೋಲಾಗುವುದು ಕಡಿಮೆ. ಹಾಗಾಗಿ ‘ನಾಲ್ಕು ಒಳಬರಲು, ನಾಲ್ಕು ಹೊರಹೋಗಲು’ ಎಂದು ಅರ್ಧ ಮಾಡುವ ಅಭ್ಯಾಸ ದುಬಾರಿ. ಮೇಲಿನ 3 ಎರ್ಲಾಂಗನ್ನು ಒಂದೂವರೆ ಒಂದೂವರೆಯಾಗಿ ಒಡೆದರೆ ಪ್ರತಿ ಗುಂಪಿಗೂ 6 ಲೈನು ಬೇಕು, ಒಟ್ಟು 12. ಒಂದೇ ಗುಂಪಾಗಿದ್ದರೆ 8ರಲ್ಲೇ ಮುಗಿಯುತ್ತಿತ್ತು. ಇಲಾಖೆಗೊಂದು ಲೈನು, ಸಾಹೇಬರಿಗೆ ಪ್ರತ್ಯೇಕ ಲೈನು ಎಂದು ಹಂಚುವುದೂ ಇದೇ ಜಾತಿಯ ಖರ್ಚು. ಸಾಹೇಬರ ಲೈನು ದಿನದಲ್ಲಿ ಹೆಚ್ಚು ಹೊತ್ತು ಮಲಗಿರುತ್ತದೆ, ಪಕ್ಕದಲ್ಲಿ ಗ್ರಾಹಕರಿಗೆ ಎಂಗೇಜ್.

ಎಣಿಕೆ ದಾರಿ ತಪ್ಪಿಸುವ ಒಂದು ಸಂದರ್ಭವಿದೆ. ಈಗಿರುವ ನಾಲ್ಕು ಲೈನೂ ಗಂಟೆಗಟ್ಟಲೆ ತುಂಬಿದ್ದರೆ ನಿಮ್ಮ ದಾಖಲೆಯಲ್ಲಿ ಕಾಣುವುದು ಆ ಲೈನುಗಳು ಹೊತ್ತ ಹೊರೆ ಮಾತ್ರ. ಎಂಗೇಜ್ ಕೇಳಿ ಹಿಂದಿರುಗಿದವರ ಲೆಕ್ಕ ನಿಮ್ಮ ಪೆಟ್ಟಿಗೆಯಲ್ಲಿ ಇರುವುದೇ ಇಲ್ಲ. 3.6 ಎರ್ಲಾಂಗ್ ಕಂಡರೆ ನಿಜವಾದ ಬೇಡಿಕೆ ಅದರ ಎರಡರಷ್ಟಿದ್ದರೂ ಆಶ್ಚರ್ಯವಿಲ್ಲ. ನಿಮ್ಮ ಬೋರ್ಡ್ ನಂಬರಿಗೆ (ಆಫೀಸಿನ ಮುಖ್ಯ ನಂಬರಿಗೆ) ಎಷ್ಟು ಕರೆ ಎಂಗೇಜ್ ಆಗಿ ಹಿಂದಿರುಗಿವೆ ಎಂದು ಲೈನು ಕೊಡುವ ಕಂಪನಿಯನ್ನು ಕೇಳಿ. ಆ ಅಂಕಿ ಎಕ್ಸ್‌ಚೇಂಜಿನಲ್ಲಿ ಸಿಗುತ್ತದೆ. ಸಿಗದಿದ್ದರೆ ಎರಡು ಲೈನು ಹೆಚ್ಚಿಸಿ, ಎರಡು ವಾರ ಬಿಟ್ಟು ಮತ್ತೆ ಅಳೆಯಿರಿ. ಎಂಗೇಜ್ ಕೇಳಿದವರು ತಕ್ಷಣ ಮರುಡಯಲ್ ಮಾಡುತ್ತಾರೆ, ಸೂತ್ರವೋ ಅವರು ಸುಮ್ಮನೆ ಹೋದರು ಎಂದು ಹಿಡಿಯುತ್ತದೆ. ಅದಕ್ಕೇ ಕೊರತೆ ಇರುವ ಕಡೆ ಲೆಕ್ಕಕ್ಕಿಂತ ಒಂದು ಲೈನು ಹೆಚ್ಚು ಇಡುವುದು ಲೇಸು.

ಕಾಣದಂತೆ ಲೈನು ತಿನ್ನುವವು

ಆಫೀಸಿಗೆ ಬಂದ ಕರೆಯನ್ನು ಇಪಿಎಬಿಎಕ್ಸ್ ಮೂಲಕ ಯಾರದೋ ಮೊಬೈಲಿಗೆ ತಿರುಗಿಸಿದರೆ ಒಂದು ಕರೆಗೆ ಎರಡು ಲೈನು ಹೋಯಿತು: ಒಂದು ಒಳಬಂದದ್ದು, ಇನ್ನೊಂದು ಹೊರಹೋದದ್ದು. ಗಂಟೆಗೆ ಇಂಥ 20 ಕರೆ, ತಲಾ 4 ನಿಮಿಷ ಎಂದರೆ 80 ನಿಮಿಷವಲ್ಲ, 160 ನಿಮಿಷ. ಎಕ್ಸ್‌ಚೇಂಜಿನಲ್ಲೇ ತಿರುಗಿಸುವ ಸೌಲಭ್ಯ ಪಡೆದರೆ ನಿಮ್ಮ ಲೈನು ಖಾಲಿ ಉಳಿಯುತ್ತದೆ. ಹೊರಗಿನ ಇಬ್ಬರನ್ನು ಸೇರಿಸಿದ ಕಾನ್ಫರೆನ್ಸಿಗೂ ಎರಡು ಲೈನು.

ಸರದಿಯಲ್ಲಿ ಕಾಯಿಸುವುದು ಇನ್ನೂ ದೊಡ್ಡದು. ಅದೇ 60 ಕರೆಗಳು ಸರಾಸರಿ 2 ನಿಮಿಷ ಸರದಿಯಲ್ಲಿ ಕಾದರೆ 120 ನಿಮಿಷ ಕೂಡಿತು, 3 ಎರ್ಲಾಂಗ್ 5 ಆಯಿತು, 8 ಲೈನು 11 ಆಯಿತು. ಇಲ್ಲಿ ಲೈನು ಹೆಚ್ಚಿಸಿದಷ್ಟೂ ಸರದಿಯೇ ಉದ್ದವಾಗುತ್ತದೆ. ಉತ್ತರಿಸುವವರು ಅಷ್ಟೇ ಜನ ಇದ್ದಾರಲ್ಲ. ಹದಿನೈದು ನಿಮಿಷ ಸಂಗೀತ ಕೇಳಿಸುವುದಕ್ಕಿಂತ ಎಂಗೇಜ್ ಟೋನು ಕೊಡುವುದು ಮರ್ಯಾದೆಯ ಕೆಲಸ. ಹಾಗಾಗಿ ಸರದಿ ಇರುವ ಕಡೆ ಸರದಿಯ ಉದ್ದಕ್ಕೆ ಮಿತಿ ಹಾಕಿ, ಆಮೇಲೆ ಲೈನು ನಿರ್ಧರಿಸಿ.

ಯಾವ ಬಗೆಯ ಲೈನು

ಎಂಟರವರೆಗೆ ತಾಮ್ರದ ಅನಲಾಗ್ ಲೈನು ಸರಳ. ಅದರಿಂದ ಮೇಲೆ ಪಿಆರ್‌ಐ (ಹಲವು ಲೈನು ಒಟ್ಟಿಗೆ ಬರುವ ಡಿಜಿಟಲ್ ಕೊಂಡಿ) ಅಥವಾ ಎಸ್‌ಐಪಿ ಟ್ರಂಕ್ (ಇಂಟರ್ನೆಟ್ ಮೂಲಕ ಬರುವ ಲೈನುಗಳು) ನೋಡಬೇಕು. ತಾಮ್ರದ ಜಾಲವನ್ನೇ ಮುಚ್ಚುತ್ತಿರುವ ದೇಶಗಳು ಹಲವು. ಪೆಟ್ಟಿಗೆಗೆ ಹೊರಲೈನು ಸೇರಿಸುವ ಟ್ರಂಕ್ ಕಾರ್ಡು ಕೊಳ್ಳುವ ಮೊದಲು ಕಂಪನಿ ಇನ್ನೆಷ್ಟು ವರ್ಷ ಆ ಲೈನು ಕೊಡುತ್ತದೆ ಎಂದು ಲಿಖಿತವಾಗಿ ಕೇಳಿ. ಟ್ರಂಕ್ ಕಾರ್ಡುಗಳು ಸಾಮಾನ್ಯವಾಗಿ 2, 4 ಅಥವಾ 8 ಪೋರ್ಟಿನವು. ಬೇಕಾದ ಲೈನು 8 ಆಗಿದ್ದರೆ 8 ಪೋರ್ಟಿನ ಕಾರ್ಡು ಹಾಕಿ ಸ್ಲಾಟು ಮುಗಿಯಿತು ಎನ್ನುವಂತಿರಬಾರದು. ಕನಿಷ್ಠ ಒಂದು ಸ್ಲಾಟು ಖಾಲಿ ಇರಲಿ.

ಪಿಆರ್‌ಐ ಎಂದರೆ ಬಹುತೇಕ ದೇಶಗಳಲ್ಲಿ ಇ1: 2.048 ಮೆಗಾಬಿಟ್‌ನ ಒಂದು ಕೊಂಡಿಯಲ್ಲಿ 32 ಕಿಂಡಿ, ಅದರಲ್ಲಿ ಮಾತಿಗೆ 30, ಒಂದು ಹೊಂದಾಣಿಕೆಗೆ, ಒಂದು ಸಂಜ್ಞೆಗೆ. ಉತ್ತರ ಅಮೆರಿಕದ ಟಿ1ರಲ್ಲಿ ಮಾತಿಗೆ 23. ಚಾನೆಲ್ (ಮಾತಿನ ಕಿಂಡಿ) ಬೇರೆ, ನಂಬರ್ ಬೇರೆ. ನೂರು ನೇರ ನಂಬರುಗಳ ಸಾಲು ತೆಗೆದುಕೊಂಡು ಪ್ರತಿ ಮೇಜಿಗೂ ಒಂದು ಕೊಟ್ಟರೂ ಒಮ್ಮೆಲೇ ಮಾತಾಡಬಲ್ಲವರು 30 ಜನ. ಪಿಆರ್‌ಐನಲ್ಲಿ ಆಗಾಗ ಕಾಡುವುದು ಗಡಿಯಾರದ ಹೊಂದಾಣಿಕೆ. ಇಪಿಎಬಿಎಕ್ಸ್ ತನ್ನ ಗಡಿಯಾರವನ್ನು ಕಂಪನಿಯ ಕೊಂಡಿಯಿಂದಲೇ ತೆಗೆದುಕೊಳ್ಳಬೇಕು. ತನ್ನದೇ ಗಡಿಯಾರದಲ್ಲಿ ಓಡಿದರೆ ಕೊಂಡಿ ಚಾಲೂ ಇದ್ದೇ ಇರುತ್ತದೆ, ಮಾತೂ ನಡೆಯುತ್ತದೆ, ಆದರೆ ನಡುನಡುವೆ ‘ಟಿಕ್’ ಎಂಬ ಸದ್ದು ಕೇಳುತ್ತದೆ, ಫ್ಯಾಕ್ಸು ಅರ್ಧ ಪುಟಕ್ಕೆ ಕಡಿಯುತ್ತದೆ. ಮಾತಾಡುವವರು ಸಹಿಸಿಕೊಳ್ಳುವುದರಿಂದ ಈ ದೋಷ ತಿಂಗಳುಗಟ್ಟಲೆ ಪತ್ತೆಯಾಗುವುದಿಲ್ಲ. ಗಡಿಯಾರ ಹೊಂದದಿದ್ದಾಗ ಆಗುವ ಸ್ಲಿಪ್‌ಗಳ ಎಣಿಕೆ ಏರುತ್ತಿದೆಯೇ ಎಂದು ನಿರ್ವಹಣೆಯ ತೆರೆಯಲ್ಲಿ ನೋಡಿ, ಏರಬಾರದು. ಎರಡು ಪಿಆರ್‌ಐ ಇದ್ದರೆ ಒಂದನ್ನು ಮೊದಲ ಮೂಲ, ಇನ್ನೊಂದನ್ನು ಬದಲಿ ಮೂಲ ಎಂದು ಗುರುತಿಸಿ.

ಎಸ್‌ಐಪಿ ಟ್ರಂಕಿಗೂ ಎರ್ಲಾಂಗ್ ಲೆಕ್ಕ ಅದೇ, ಲೈನಿನ ಬದಲು ಚಾನೆಲ್ ಎನ್ನಿ. ಜೊತೆಗೆ ಇಂಟರ್ನೆಟ್ಟಿನ ಅಗಲ ಎಣಿಸಬೇಕು. ಜಿ.711 ಕೋಡೆಕ್ಕಿನಲ್ಲಿ (ಮಾತನ್ನು ಡಿಜಿಟಲ್ ಮಾಡುವ ಒಂದು ವಿಧಾನ) ಮಾತು ಸೆಕೆಂಡಿಗೆ 64 ಕಿಲೋಬಿಟ್. 20 ಮಿಲಿಸೆಕೆಂಡಿನ ಪ್ಯಾಕೆಟ್ಟುಗಳ ಮೇಲೆ ತಲೆಬರಹಗಳು ಸೇರಿ 80, ಈಥರ್ನೆಟ್ ಹೊದಿಕೆಯನ್ನೂ ಸೇರಿಸಿದರೆ 87 ಕಿಲೋಬಿಟ್ ಆಗುತ್ತದೆ, ಅದೂ ಪ್ರತಿ ದಿಕ್ಕಿಗೆ. ಹತ್ತು ಕರೆಗೆ ಸುಮಾರು 0.9 ಮೆಗಾಬಿಟ್. ಜಿ.729 ಆದರೆ ಕರೆಗೆ 31 ಕಿಲೋಬಿಟ್, ದನಿ ಮಾತ್ರ ಸ್ವಲ್ಪ ಸಪ್ಪೆ. ಸಾಮಾನ್ಯ ಇಂಟರ್ನೆಟ್ ಸಂಪರ್ಕದಲ್ಲಿ ಇಳಿಕೆ ಧಾರಾಳ, ಏರಿಕೆ ಕಂಜೂಸು, ಆದ್ದರಿಂದ ಏರಿಕೆಯ ವೇಗವನ್ನೇ ನೋಡಿ ಲೆಕ್ಕ ಹಾಕಿ. ಯಾರೋ ದೊಡ್ಡ ಕಡತ ಕಳಿಸಿದಾಗ ಎದುರಿನವರಿಗೆ ನಮ್ಮ ಮಾತು ತುಂಡುತುಂಡಾಗಿ ಕೇಳುತ್ತದೆ, ನಮಗೆ ಮಾತ್ರ ಅವರದು ಚೆನ್ನಾಗಿ ಕೇಳುತ್ತದೆ. ಹಾಗಾದರೆ ದೋಷ ಏರಿಕೆಯಲ್ಲಿದೆ. ಮಾತಿನ ಪ್ಯಾಕೆಟ್ಟಿಗೆ ರೂಟರಿನಲ್ಲಿ ಮೊದಲ ಪಾಳಿ ಕೊಡಿ. ಅದಕ್ಕೆ ಬಳಸುವ ಗುರುತು ಡಿಎಸ್‌ಸಿಪಿ 46. ಒಂದೇ ಕಡೆಯ ಮಾತು ಕೇಳಿಸುತ್ತಿದ್ದರೆ ರೂಟರಿನ ಎಸ್‌ಐಪಿ ಎಎಲ್‌ಜಿ ಎನ್ನುವ ಆಯ್ಕೆಯನ್ನು ಮೊದಲು ಆಫ್ ಮಾಡಿ ನೋಡಿ, ಬಹಳ ಸಲ ಅಲ್ಲಿಗೇ ಮುಗಿಯುತ್ತದೆ. ಎಸ್‌ಐಪಿ ಬಳಸುವ ಪೋರ್ಟ್ 5060ನ್ನು ಇಡೀ ಜಗತ್ತಿಗೆ ತೆರೆದಿಡಬೇಡಿ, ಕಂಪನಿಯ ಐಪಿ ವಿಳಾಸಗಳಿಗೆ ಮಾತ್ರ ಬಿಡಿ. ವಿದೇಶಿ ಕರೆಯನ್ನು ಮೂಲದಲ್ಲೇ ಮುಚ್ಚಿಸಿ, ಬೇಕಾದವರಿಗೆ ಮಾತ್ರ ತೆರೆಯಿರಿ. ರಜಾ ದಿನದ ರಾತ್ರಿಯಲ್ಲಿ ಯಾರೋ ನಿಮ್ಮ ಎಲ್ಲ ಚಾನೆಲ್ಲುಗಳಲ್ಲೂ ವಿದೇಶಕ್ಕೆ ಮಾತಾಡಿದ ಬಿಲ್ಲನ್ನು ಕಟ್ಟುವವರು ನೀವೇ.

ಒಂದು ಪಿಆರ್‌ಐ ಅಥವಾ ಒಂದು ಫೈಬರ್ ಕಡಿದರೆ ಎಲ್ಲ ಚಾನೆಲ್ಲೂ ಒಟ್ಟಿಗೆ ಹೋಗುತ್ತವೆ. ಎರಡು ಕಂಪನಿಗಳಿಂದ ತೆಗೆದುಕೊಂಡರೆ ಕ್ಷೇಮ ಎಂದು ಭಾವಿಸುತ್ತಾರೆ, ಆದರೆ ಇಬ್ಬರ ಕೇಬಲ್ಲೂ ಒಂದೇ ಗುಂಡಿಯಲ್ಲಿ ಬಂದಿದ್ದರೆ ಒಂದು ಜೆಸಿಬಿಗೆ ಎರಡೂ ಬಲಿ. ಕಟ್ಟಡದೊಳಗೆ ಬರುವ ದಾರಿಗಳೇ ಬೇರೆಯಾಗಿವೆಯೇ ಎಂದು ನಡೆದು ನೋಡಿ ಖಚಿತ ಮಾಡಿಕೊಳ್ಳಬೇಕು.

ಹಂಟಿಂಗ್ ಮತ್ತು ಡಿಕ್ಕಿ

ಅನಲಾಗ್ ಲೈನುಗಳ ವಿಷಯದಲ್ಲಿ ನಿಜವಾದ ಯೋಜನೆ ಇರುವುದು ಇಲ್ಲಿ. ಎಂಟು ಲೈನು ತೆಗೆದುಕೊಂಡು ಒಂದೇ ಬೋರ್ಡ್ ನಂಬರ್ ಕೊಟ್ಟರೆ, ಆ ನಂಬರಿಗೆ ಬಂದ ಕರೆಯನ್ನು ಎಕ್ಸ್‌ಚೇಂಜು 1ನೇ ಲೈನಿಗೆ ಕೊಡುತ್ತದೆ, ಅದು ಎಂಗೇಜ್ ಇದ್ದರೆ 2ಕ್ಕೆ, ಹೀಗೇ ಕೊನೆಯವರೆಗೆ. ಇದು ನೇರ ಹಂಟಿಂಗ್. ಹೊರಹೋಗುವ ಕರೆಗೆ ಇಪಿಎಬಿಎಕ್ಸೂ 1ರಿಂದಲೇ ಹುಡುಕಲು ಹೊರಟರೆ ಇಬ್ಬರೂ ಒಂದೇ ಲೈನಿಗೆ ಕೈ ಹಾಕುತ್ತಾರೆ. ಎಕ್ಸ್‌ಚೇಂಜು ಲೈನನ್ನು ಹಿಡಿದ ಕ್ಷಣಕ್ಕೂ ಮೊದಲ ರಿಂಗ್ ನಿಮ್ಮ ಪೆಟ್ಟಿಗೆಗೆ ತಲುಪುವುದಕ್ಕೂ ನಡುವೆ ಕೆಲವು ಸೆಕೆಂಡು ಅಂತರವಿರಬಹುದು. ಆ ಹೊತ್ತಿನಲ್ಲಿ ಲೈನು ಖಾಲಿ ಇದ್ದಂತೆಯೇ ಕಾಣುತ್ತದೆ. ಒಳಗಿನವರು ಸೊನ್ನೆ ಒತ್ತಿ ಲೈನು ಎತ್ತಿದರೆ ಡಯಲ್ ಟೋನಿನ ಬದಲು ‘ಹಲೋ’ ಎಂಬ ಅಪರಿಚಿತ ದನಿ ಕೇಳಿಸುತ್ತದೆ. ಇಬ್ಬರೂ ಗಲಿಬಿಲಿಯಾಗಿ ಫೋನು ಇಡುತ್ತಾರೆ, ಒಂದು ಕರೆ ಹೋಯಿತು.

ಪರಿಹಾರಕ್ಕೆ ಖರ್ಚಿಲ್ಲ. ಎಕ್ಸ್‌ಚೇಂಜು 1ರಿಂದ 8ಕ್ಕೆ ಹುಡುಕುವುದಾದರೆ ಇಪಿಎಬಿಎಕ್ಸ್‌ಗೆ 8ರಿಂದ 1ಕ್ಕೆ ಹುಡುಕಲು ಹೇಳಿ. ಎಲ್ಲ ಲೈನೂ ತುಂಬುವ ಹೊತ್ತಿಗೆ ಮಾತ್ರ ಇಬ್ಬರೂ ನಡುವೆ ಎದುರಾಗುತ್ತಾರೆ. ಇದಕ್ಕೆ ಮೊದಲ ಷರತ್ತು, 1ನೇ ಲೈನು ನಿಜವಾಗಿಯೂ ಪೆಟ್ಟಿಗೆಯ 1ನೇ ಪೋರ್ಟಿಗೇ ಬಂದಿರಬೇಕು. ಜಂಪರ್ (ಲೈನನ್ನು ಪೋರ್ಟಿಗೆ ಸೇರಿಸುವ ತಂತಿ) ಹಾಕುವವರು ಕೈಗೆ ಸಿಕ್ಕ ಪೇರನ್ನು (ಲೈನಿನ ಎರಡು ತಂತಿಗಳ ಜೋಡಿಯನ್ನು) ಕೈಗೆ ಸಿಕ್ಕ ಪೋರ್ಟಿಗೆ ಹಾಕಿದ್ದರೆ ಕ್ರಮವೆಲ್ಲ ಕಲಸುಮೇಲೋಗರ.

ಹೊರಗೆ ಹೋದ ಕರೆಯಲ್ಲಿ ಎದುರಿನವರಿಗೆ ಕಾಣುವುದು ಯಾವ ನಂಬರು? ಅನಲಾಗಿನಲ್ಲಿ ಆ ಲೈನಿನದೇ ನಂಬರು. ಅವರು ಅದಕ್ಕೇ ತಿರುಗಿ ಮಾಡುತ್ತಾರೆ. ನೇರ ಹಂಟಿಂಗಿನಲ್ಲಿ 7ನೇ ಲೈನಿಗೆ ಬಂದ ಕರೆ 7 ತುಂಬಿದ್ದರೆ 8ಕ್ಕೆ ಹೋಗುತ್ತದೆ, ಅದೂ ತುಂಬಿದ್ದರೆ ಎಂಗೇಜ್. 1ರಿಂದ 6ರವರೆಗೆ ಖಾಲಿ ಇದ್ದರೂ ಅಷ್ಟೆ. ಇಪಿಎಬಿಎಕ್ಸ್ ಹಿಂದಿನಿಂದ ಹುಡುಕುವುದರಿಂದ 7 ಮತ್ತು 8 ಸದಾ ಹೊರಕರೆಗಳಲ್ಲೇ ಇರುತ್ತವೆ, ಹಾಗಾಗಿ ತಿರುಗಿ ಮಾಡಿದವರಿಗೆ ಎಂಗೇಜ್ ಖಾತ್ರಿ. ಎಕ್ಸ್‌ಚೇಂಜಿನಲ್ಲಿ ವೃತ್ತಾಕಾರದ ಹಂಟಿಂಗ್ ಕೇಳಿ: 8 ಮುಗಿದ ಮೇಲೆ ಮತ್ತೆ 1ಕ್ಕೆ ಬರುತ್ತದೆ. ಅಥವಾ ಎಲ್ಲ ಲೈನಿನಿಂದಲೂ ಬೋರ್ಡ್ ನಂಬರೇ ಕಾಣಿಸುವಂತೆ ಮಾಡಿಸಿ. ಎರಡೂ ಸಿಕ್ಕರೆ ಇನ್ನೂ ಒಳ್ಳೆಯದು. ಲೆಟರ್‌ಹೆಡ್ಡಿನಲ್ಲಿ, ಬೋರ್ಡಿನಲ್ಲಿ ಬೋರ್ಡ್ ನಂಬರ್ ಒಂದೇ ಇರಲಿ. ‘ಇಂತಿಂಥ ನಂಬರಿನಿಂದ ಇಂತಿಂಥ ನಂಬರಿನವರೆಗೆ’ ಎಂದು ಎಂಟನ್ನೂ ಅಚ್ಚು ಹಾಕಿದರೆ ಹಂಟಿಂಗಿನ ಪ್ರಯೋಜನವೇ ಹೋಗುತ್ತದೆ.

ಹಂಟಿಂಗ್ ಗುಂಪಿನಲ್ಲಿ ಒಂದು ಲೈನು ಡೆಡ್ ಆದರೆ ಏನಾಗುತ್ತದೆ? ಹೊರಗಡೆ ಎಲ್ಲೋ ತಂತಿ ಕಡಿದಿದೆ ಎನ್ನೋಣ. ಎಕ್ಸ್‌ಚೇಂಜಿನ ಕಣ್ಣಿಗೆ ಅದು ಖಾಲಿ ಲೈನು, ಆದ್ದರಿಂದ ಕರೆಯನ್ನು ಅಲ್ಲಿಗೇ ಕೊಟ್ಟು ರಿಂಗ್ ಮಾಡುತ್ತದೆ. ಕರೆ ಮಾಡಿದವರಿಗೆ ರಿಂಗ್ ಕೇಳಿಸುತ್ತದೆ. ಆಫೀಸಿನಲ್ಲಿ ಏನೂ ಮೊಳಗುವುದಿಲ್ಲ. ಕಡಿದದ್ದು 1ನೇ ಲೈನಾದರೆ, ಮೊದಲ ಕರೆ ಅದರಲ್ಲಿ ಸಿಕ್ಕಿಕೊಂಡಿರುವಷ್ಟು ಹೊತ್ತು ಮಾತ್ರ ಉಳಿದವರು 2ಕ್ಕೆ ದಾಟುತ್ತಾರೆ. ‘ನಿಮ್ಮ ಆಫೀಸಿನವರು ಫೋನೇ ಎತ್ತುವುದಿಲ್ಲ’ ಎಂಬ ಬೈಗುಳದ ಹಿಂದೆ ಇಂಥದ್ದೊಂದು ತಂತಿ ಇರಬಹುದು. ಲೈನು ಸರಿಯಾಗುವವರೆಗೆ ಅದನ್ನು ಗುಂಪಿನಿಂದ ತೆಗೆಯುವಂತೆ ಎಕ್ಸ್‌ಚೇಂಜಿಗೆ ಹೇಳಬೇಕು. ದೂರು ದಾಖಲಿಸುವಾಗಲೇ ಇದನ್ನೂ ಕೇಳಿ. ಒಳಗಡೆ ಆ ಪೋರ್ಟನ್ನೂ ನಿಲ್ಲಿಸಿ, ಇಲ್ಲದಿದ್ದರೆ ಹೊರಕರೆ ಮಾಡುವವರು ಸದ್ದಿಲ್ಲದ ಲೈನು ಹಿಡಿದು ಕೂರುತ್ತಾರೆ. ಲೈನೇ ಇಲ್ಲದ ಪೋರ್ಟುಗಳನ್ನೂ ಹೀಗೆಯೇ ಮುಚ್ಚಿಡಬೇಕು. ಡಯಲ್ ಟೋನು ಇದೆಯೇ ಎಂದು ನೋಡಿ ಆಮೇಲೆ ನಂಬರ್ ಒತ್ತುವ ಆಯ್ಕೆ ಇದ್ದರೆ ಅದನ್ನು ಚಾಲೂ ಮಾಡಿ.

ಕರೆ ಮುಗಿಯಿತು ಎಂದು ಪೆಟ್ಟಿಗೆಗೆ ಹೇಳುವವರು ಯಾರು

ಅನಲಾಗ್ ಲೈನಿನಲ್ಲಿ ಹೊರಗಿನವರು ಫೋನ್ ಇಟ್ಟದ್ದು ಇಪಿಎಬಿಎಕ್ಸ್‌ಗೆ ತಾನಾಗಿ ತಿಳಿಯುವುದಿಲ್ಲ. ಎದುರು ಮನುಷ್ಯ ಇದ್ದರೆ ಟೋನು ಕೇಳಿ ರಿಸೀವರ್ ಇಡುತ್ತಾನೆ. ಧ್ವನಿ ಮೆನು, ವಾಯ್ಸ್ ಮೇಲ್, ಮೊಬೈಲಿಗೆ ತಿರುಗಿಸಿದ ಕರೆ, ಇಲ್ಲೆಲ್ಲ ಕೇಳುವವರು ಯಾರೂ ಇಲ್ಲ. ಕರೆ ಮುಗಿದ ಮೇಲೂ ಲೈನು ಹಿಡಿದೇ ಇರುತ್ತದೆ. ಸಂಜೆ ಆರಕ್ಕೆ ರಾತ್ರಿಯ ಸಂದೇಶ ಚಾಲೂ ಮಾಡಿ ಹೋದರೆ ಬೆಳಗ್ಗೆ ಎಂಟೂ ಲೈನು ಎಂಗೇಜ್. ಪೆಟ್ಟಿಗೆ ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತದೆ, ಅದಕ್ಕೇ ‘ಮೆಷಿನ್ ಹ್ಯಾಂಗ್ ಆಗುತ್ತದೆ’ ಎಂದು ದೂರು ಬರುತ್ತದೆ.

ಕರೆ ಮುಗಿದದ್ದನ್ನು ತಿಳಿಸಲು ಎಕ್ಸ್‌ಚೇಂಜಿಗೆ ಮೂರು ದಾರಿ. ಲೈನಿನ ವಿದ್ಯುತ್ತನ್ನು ಕೆಲವು ನೂರು ಮಿಲಿಸೆಕೆಂಡು ಕಡಿಯುವುದು. ಎರಡು ತಂತಿಗಳ ಧ್ರುವ ಬದಲಿಸುವುದು. ಎರಡೂ ಇಲ್ಲದಿದ್ದರೆ ಬರೀ ಎಂಗೇಜ್ ಟೋನು. ಲೈನು ಬುಕ್ ಮಾಡುವಾಗಲೇ ಮೊದಲೆರಡರಲ್ಲಿ ಒಂದನ್ನು ಕೇಳಿ ಹಾಕಿಸಿಕೊಳ್ಳಿ. ಧ್ರುವ ಬದಲಾವಣೆಯಿಂದ ಇನ್ನೊಂದು ಲಾಭವೂ ಇದೆ: ಹೊರಕರೆಯನ್ನು ಆ ಕಡೆಯವರು ಎತ್ತಿದ ಕ್ಷಣವೂ ಗೊತ್ತಾಗುವುದರಿಂದ ಕರೆ ದಾಖಲೆಯ ನಿಮಿಷಗಳು ಬಿಲ್ಲಿಗೆ ಹೊಂದುತ್ತವೆ. ಟೋನನ್ನೇ ನಂಬಬೇಕಾದರೆ ಅದರ ಸ್ವರ ಮತ್ತು ಲಯವನ್ನು ಪೆಟ್ಟಿಗೆಯಲ್ಲಿ ನಿಖರವಾಗಿ ತುಂಬಬೇಕು. ಹಲವು ದೇಶಗಳಲ್ಲಿ ಅದು 400 ಅಥವಾ 425 ಹರ್ಟ್ಜ್. ಉತ್ತರ ಅಮೆರಿಕದಲ್ಲಿ 480 ಮತ್ತು 620 ಒಟ್ಟಿಗೆ, ಅರ್ಧ ಸೆಕೆಂಡು ಸದ್ದು, ಅರ್ಧ ಸೆಕೆಂಡು ಮೌನ. ಬೇರೆ ದೇಶದ ಮಾರುಕಟ್ಟೆಗೆ ಸಿದ್ಧವಾದ ಪೆಟ್ಟಿಗೆಯಲ್ಲಿ ಇದು ಹೊಂದುವುದಿಲ್ಲ, ಹಾಗಾಗಿ ಟೋನನ್ನು ರೆಕಾರ್ಡ್ ಮಾಡಿ ಅಳೆಯುವುದೇ ಸರಿ. ಸ್ವರದ ಮಿತಿಯನ್ನು ತೀರ ಸಡಿಲ ಮಾಡಿದರೆ ಹೋಲ್ಡ್ ಸಂಗೀತದ ಯಾವುದೋ ಸ್ವರವನ್ನು ಎಂಗೇಜ್ ಎಂದು ತಿಳಿದು ನಡುಮಾತಿನಲ್ಲೇ ಕಡಿಯುತ್ತದೆ.

ಏನೇ ಮಾಡಿದರೂ ಹೊರಲೈನಿನಿಂದ ಹೊರಲೈನಿಗೆ ಹೋದ ಕರೆಗೆ ಒಂದು ಗರಿಷ್ಠ ಅವಧಿ ಇಡಿ, ಅರ್ಧ ಗಂಟೆಯೋ ಒಂದು ಗಂಟೆಯೋ. ಲೈನು ಬಿಟ್ಟ ಮೇಲೆ ಮತ್ತೆ ಹಿಡಿಯಲು ಒಂದೆರಡು ಸೆಕೆಂಡು ಬಿಡುವೂ ಬೇಕು. ಎಕ್ಸ್‌ಚೇಂಜು ಹಳೆಯ ಕರೆಯನ್ನು ಇನ್ನೂ ಪೂರ್ತಿ ಬಿಡದಿರುವಾಗಲೇ ಮತ್ತೆ ಎತ್ತಿದರೆ ಹಳೆಯವರೇ ಸಿಗುತ್ತಾರೆ.

ಕಾಲರ್ ಐಡಿ ಬಗ್ಗೆ ಒಂದೇ ಮಾತು: ಹಲವು ಜಾಲಗಳಲ್ಲಿ ಅದು ಮೊದಲ ಮತ್ತು ಎರಡನೆಯ ರಿಂಗಿನ ನಡುವೆ ಬರುತ್ತದೆ. ಮೊದಲ ರಿಂಗಿಗೇ ಎತ್ತುವಂತೆ ಧ್ವನಿ ಮೆನು ಇಟ್ಟರೆ ನಂಬರು ಕಾಣುವುದಿಲ್ಲ.

ತಂತಿಯ ಕೆಲಸ

ಎಂಟು ಲೈನಿಗೆ 10 ಪೇರಿನ ಕೇಬಲ್ ಸಾಲುತ್ತದೆ, ಆದರೆ 20 ಪೇರಿನದೇ ಎಳೆಯಿರಿ. ಒಂದು ಪೇರು ಹಾಳಾದರೆ ಪಕ್ಕದ್ದಕ್ಕೆ ಬದಲಿಸಲು ಎರಡು ನಿಮಿಷ, ಹೊಸ ಕೇಬಲ್ ಎಳೆಯಲು ಒಂದು ದಿನ. 0.5 ಮಿಲಿಮೀಟರ್ ತಂತಿ ಇರಲಿ. ಹೋಗಿ ಬರುವ ದಾರಿ ಸೇರಿ ಕಿಲೋಮೀಟರಿಗೆ ಸುಮಾರು 170 ಓಮ್. 0.4ರದ್ದು 270ರ ಹತ್ತಿರ ಹೋಗುತ್ತದೆ ಮತ್ತು ಪಂಚ್ ಮಾಡುವಾಗ (ಕನೆಕ್ಟರಿನಲ್ಲಿ ಒತ್ತಿ ಕೂರಿಸುವಾಗ) ಬೇಗ ಮುರಿಯುತ್ತದೆ. ವಿದ್ಯುತ್ ಕೇಬಲ್ಲಿನ ಪಕ್ಕದಲ್ಲೇ ಉದ್ದಕ್ಕೆ ಓಡಿಸಬೇಡಿ. ಒಂದಡಿ ಅಂತರ ಇರಲಿ, ದಾಟಲೇಬೇಕಾದರೆ ಅಡ್ಡಡ್ಡ ದಾಟಲಿ.

ಮಲ್ಟಿಮೀಟರಿನಲ್ಲಿ ರಿಸೀವರ್ ಇಟ್ಟ ಲೈನು ಸುಮಾರು 48 ವೋಲ್ಟ್ ಡಿಸಿ ತೋರಿಸಬೇಕು, ಎತ್ತಿದರೆ 6ರಿಂದ 12ರ ಆಸುಪಾಸಿಗೆ ಇಳಿಯಬೇಕು. ಹರಿಯುವ ಪ್ರವಾಹ 20 ಮಿಲಿಆಂಪಿಯರಿಗಿಂತ ತೀರ ಕೆಳಗಿದ್ದರೆ ಪೆಟ್ಟಿಗೆ ಲೈನನ್ನು ಸರಿಯಾಗಿ ಹಿಡಿದಿಟ್ಟುಕೊಳ್ಳದೆ ಕರೆ ಮಧ್ಯೆ ಮಧ್ಯೆ ಕಡಿಯಬಹುದು. ರಿಂಗ್ ಬರುವಾಗ 75ರಿಂದ 90 ವೋಲ್ಟ್ ಎಸಿ ಇರುತ್ತದೆ, ಬರಿಗೈಯಲ್ಲಿ ಹಿಡಿದರೆ ಚೆನ್ನಾಗಿಯೇ ಹೊಡೆಯುತ್ತದೆ. ಎರಡು ಲೈನುಗಳಲ್ಲಿ ಒಂದರ ಮಾತು ಇನ್ನೊಂದರಲ್ಲಿ ಕೇಳಿಸಿದರೆ ಪೇರು ಒಡೆದಿರುವ ಸಾಧ್ಯತೆ ಹೆಚ್ಚು: ಒಂದು ತಂತಿ ಒಂದು ಪೇರಿನದು, ಇನ್ನೊಂದು ಪಕ್ಕದ ಪೇರಿನದು. ಮೀಟರಿನಲ್ಲಿ ಎಲ್ಲ ಸರಿಯಾಗಿಯೇ ತೋರಿಸುತ್ತದೆ, ಏಕೆಂದರೆ ತಂತಿ ಎರಡೂ ಕಡೆ ಮುಟ್ಟಿದೆ; ಹೆಣಿಗೆ ಮಾತ್ರ ಹೋಗಿದೆ. ಬಣ್ಣ ನೋಡಿಯೇ ಹುಡುಕಬೇಕು.

ಹೊರಗಿನಿಂದ ಬಂದ ಪ್ರತಿ ಪೇರಿಗೂ ಎಂಡಿಎಫ್‌ನಲ್ಲಿ (ಹೊರಗಿನ ಕೇಬಲ್ಲು ಬಂದು ಸೇರುವ ಚೌಕಟ್ಟಿನಲ್ಲಿ) ಗ್ಯಾಸ್ ಟ್ಯೂಬಿನ ರಕ್ಷಣೆ ಬೇಕು. ಬಳಸದ ಪೇರುಗಳಿಗೂ ಬೇಕು, ಸಿಡಿಲಿಗೆ ಯಾವ ಪೇರು ಬಳಕೆಯಲ್ಲಿದೆ ಎಂದು ಗೊತ್ತಿಲ್ಲ. ಅರ್ತ್ ಇಲ್ಲದ ರಕ್ಷಣೆ ಇದ್ದೂ ಇಲ್ಲದಂತೆ. ಎಂಡಿಎಫ್‌ಗೆ ಒಂದು ಅರ್ತ್ ಗುಂಡಿ, ಇಪಿಎಬಿಎಕ್ಸಿನ ಕರೆಂಟಿಗೆ ಇನ್ನೊಂದು ಎಂದು ಬೇರೆಬೇರೆ ಬಿಟ್ಟರೆ ಸಿಡಿಲಿನ ಕ್ಷಣದಲ್ಲಿ ಎರಡರ ನಡುವಿನ ವೋಲ್ಟೇಜು ಟ್ರಂಕ್ ಕಾರ್ಡಿನ ಮೇಲೇ ಬೀಳುತ್ತದೆ. ಎರಡನ್ನೂ ದಪ್ಪ ತಂತಿಯಿಂದ ಒಂದೇ ಅರ್ತ್ ಪಟ್ಟಿಗೆ ಸೇರಿಸಿ.

ಪೆಟ್ಟಿಗೆಗೆ ಹೋಗಬಾರದ ಲೈನುಗಳು

ಲಿಫ್ಟಿನ ತುರ್ತು ಫೋನು, ಬೆಂಕಿ ಅಲಾರಂ ಫಲಕ, ಕಳ್ಳರ ಅಲಾರಂ, ಇವಕ್ಕೆ ನೇರ ಲೈನು ಕೊಡಿ. ಫ್ಯಾಕ್ಸ್ ಇನ್ನೂ ಬಳಸುವವರು ಅದನ್ನೂ ಅನಲಾಗಿನಲ್ಲೇ ಉಳಿಸಿಕೊಳ್ಳುವುದು ಮೇಲು. ಎಸ್‌ಐಪಿ ಮೇಲೆ ಓಡಿಸುವುದಾದರೆ ಎರಡೂ ತುದಿಯಲ್ಲಿ ಟಿ.38 (ಇಂಟರ್ನೆಟ್ ಮೇಲೆ ಫ್ಯಾಕ್ಸ್ ಕಳಿಸುವ ವಿಧಾನ) ಇದೆಯೇ ನೋಡಿ. ಕರೆಂಟು ಹೋದಾಗ ತಾಮ್ರದ ಲೈನಿಗೆ ಎಕ್ಸ್‌ಚೇಂಜಿನಿಂದಲೇ ವಿದ್ಯುತ್ ಬರುತ್ತದೆ. ಅನೇಕ ಇಪಿಎಬಿಎಕ್ಸ್‌ಗಳಲ್ಲಿ ಕರೆಂಟು ಹೋದ ಕ್ಷಣ ರಿಲೇ ಬಿದ್ದು ಮೊದಲ ಲೈನನ್ನು ನೇರ ಒಂದು ನಿಗದಿತ ಎಕ್ಸ್‌ಟೆನ್ಷನ್ನಿಗೆ ಸೇರಿಸುವ ವ್ಯವಸ್ಥೆ ಇದೆ. ಆ ಎಕ್ಸ್‌ಟೆನ್ಷನ್ನಿನಲ್ಲಿ ಸಾಮಾನ್ಯ ಫೋನು ಇರಬೇಕು, ಡಿಜಿಟಲ್ ಕೀ ಫೋನು ಇದ್ದರೆ ಕೆಲಸ ಮಾಡದು. ಎಸ್‌ಐಪಿ ಆದರೆ ಫೈಬರ್ ಪೆಟ್ಟಿಗೆ, ರೂಟರ್, ಸ್ವಿಚ್, ಇಪಿಎಬಿಎಕ್ಸ್ ನಾಲ್ಕಕ್ಕೂ ಯುಪಿಎಸ್ ಬೇಕು. ಮೂರಕ್ಕೆ ಕೊಟ್ಟು ಸ್ವಿಚ್ಚನ್ನು ಮರೆಯುವುದೇ ಹೆಚ್ಚು. ತುರ್ತು ಸೇವೆಯ ನಂಬರು ಸೊನ್ನೆ ಒತ್ತಿದರೂ ಒತ್ತದಿದ್ದರೂ ಎಲ್ಲ ಎಕ್ಸ್‌ಟೆನ್ಷನ್ನಿನಿಂದಲೂ ಹೋಗುವಂತಿರಲಿ.

ಹಳೆಯ ನಂಬರನ್ನು ಹೊಸ ಕಂಪನಿಗೆ ಪೋರ್ಟ್ ಮಾಡುವುದಾದರೆ ಪೋರ್ಟ್ ಮುಗಿಯುವವರೆಗೆ ಹಳೆಯ ಲೈನು ರದ್ದು ಮಾಡಬೇಡಿ. ರದ್ದಾದ ನಂಬರನ್ನು ಪೋರ್ಟ್ ಮಾಡಲಾಗುವುದಿಲ್ಲ.

ಒಪ್ಪಿಕೊಳ್ಳುವ ಮೊದಲು

ಟೆಸ್ಟ್ ಫೋನು ಹಿಡಿದು ಎಂಡಿಎಫ್ ಮುಂದೆ ನಿಂತು ಪ್ರತಿ ಲೈನಿನಿಂದ ಒಂದು ಮೊಬೈಲಿಗೆ ಕರೆ ಮಾಡಿ, ಕಂಡ ನಂಬರನ್ನು ಬರೆದುಕೊಳ್ಳಿ. ಲೈನ್ ನಂಬರ್, ಕೇಬಲ್ ಪೇರ್, ಎಂಡಿಎಫ್ ಸ್ಥಾನ, ಪೆಟ್ಟಿಗೆಯ ಪೋರ್ಟ್, ಹಂಟಿಂಗ್ ಕ್ರಮ, ಈ ಐದು ಕಾಲಂಗಳ ಹಾಳೆಯನ್ನು ಎಂಡಿಎಫ್ ಬಾಗಿಲಿನ ಒಳಗೆ ಅಂಟಿಸಿ. ಬಳಿಕ ಜಂಪರ್ ಹಾಕಿ, ಬೋರ್ಡ್ ನಂಬರಿಗೆ ಹೊರಗಿನಿಂದ ಕರೆ ಮಾಡಿ ಎತ್ತಿ ಹಿಡಿಯಿರಿ. ಎರಡನೆಯ ಕರೆ 2ನೇ ಪೋರ್ಟಿಗೇ ಬಂತೇ ನೋಡಿ. ಎಂಟೂ ತುಂಬಿಸಿ ಒಂಬತ್ತನೆಯವರಿಗೆ ಎಂಗೇಜ್ ಬರುವವರೆಗೆ ಮುಂದುವರಿಸಿ. ಒಂಬತ್ತು ಮೊಬೈಲು ಬೇಕಾಗುತ್ತದೆ, ಬೇಸರದ ಕೆಲಸ, ಆದರೆ ಹಂಟಿಂಗ್ ನಿಜವಾಗಿ ಹೇಗಿದೆ ಎಂದು ತಿಳಿಯಲು ಬೇರೆ ದಾರಿ ಇಲ್ಲ. ಕೊನೆಗೆ ಪ್ರತಿ ಲೈನಿನಲ್ಲೂ ಧ್ವನಿ ಮೆನುಗೆ ಕರೆ ಕೊಟ್ಟು ಹೊರಗಿನಿಂದ ಕಡಿದು, ಪೋರ್ಟು ಎಷ್ಟು ಸೆಕೆಂಡಿನಲ್ಲಿ ಬಿಡುತ್ತದೆ ಎಂದು ನೋಡಿ. 10 ಸೆಕೆಂಡಿನೊಳಗೆ ಬಿಡದ ಲೈನನ್ನು ಒಪ್ಪಿಕೊಳ್ಳಬೇಡಿ.

ಒಂದು ತಿಂಗಳ ನಂತರ ದಾಖಲೆ ತೆರೆದು ‘ಎಲ್ಲ ಟ್ರಂಕೂ ತುಂಬಿದ’ ಎಣಿಕೆಯನ್ನು ದಟ್ಟಣೆಯ ಗಂಟೆಯ ಕರೆಗಳಿಗೆ ಹೋಲಿಸಿ. ಬರೀ ಒಳಬರುವ ಗುಂಪಾದರೆ ಕೊನೆಯ ಲೈನನ್ನು ನೋಡಿದರೂ ಸಾಕು: 3 ಎರ್ಲಾಂಗಿನ 8 ಲೈನಿನಲ್ಲಿ ಮೊದಲನೆಯದು ಗಂಟೆಗೆ 45 ನಿಮಿಷ ದುಡಿದರೆ ಎಂಟನೆಯದು ಎರಡೂವರೆ ನಿಮಿಷ. ಅದು ಐದಾರು ನಿಮಿಷಕ್ಕೆ ಏರಿದರೆ ಇನ್ನೊಂದು ಲೈನು ಬೇಕು. ದಟ್ಟಣೆಯ ಗಂಟೆಯಲ್ಲೂ ಸೊನ್ನೆಯೇ ಇದ್ದರೆ ಒಂದನ್ನು ಬಿಟ್ಟುಕೊಡಬಹುದು. ಎರಡೂ ದಿಕ್ಕಿನಿಂದ ಹುಡುಕುವ ಗುಂಪಿನಲ್ಲಿ ಮಾತ್ರ ಎಂಟನೆಯ ಲೈನನ್ನು ನೋಡಿ ನಿರ್ಧರಿಸಬೇಡಿ. ಅಲ್ಲಿ ಕೊನೆಗೆ ತುಂಬುವುದು ನಡುವಿನ 4, 5ನೇ ಲೈನುಗಳು.